ಮಂಡಿಯ ಮಾವು, ಡ್ರಮ್ಮಿನ ತಿರುಳು

ಉಷ್ಣವಲಯದ ದೇಶಗಳು ಕಚ್ಚಾ ಸರಕನ್ನು ಮಾರುತ್ತವೆ, ಅದರಿಂದಲೇ ತಯಾರಾದ ವಸ್ತುವನ್ನು ಹೆಚ್ಚು ಬೆಲೆ ತೆತ್ತು ಕೊಳ್ಳುತ್ತವೆ. ಭೂಗೋಳದ ಪಾಠದಲ್ಲಿ ಬರುವ ಈ ಮಾತಿಗೆ ಘಾನಾದ ಕೋಕೋ, ಬ್ರೆಜಿಲ್‌ನ ಕಾಫಿ ಉದಾಹರಣೆಗಳಾಗುವುದು ವಾಡಿಕೆ. 13 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವ ಕೋಲಾರ ಜಿಲ್ಲೆಯ ವಿದ್ಯಾರ್ಥಿಗಳು ಅಷ್ಟು ದೂರ ಹೋಗಬೇಕಾಗಿಲ್ಲ. ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಯನ್ನೊಮ್ಮೆ ನೋಡಿ ಬಂದರೆ ಸಾಕು.

ಮಂಡಿಗೆ ಬಾದಾಮಿ, ಬೇನಿಷಾ, ರಸಪುರಿ, ಮಲ್ಲಿಕಾ ಎಲ್ಲವೂ ಬರುತ್ತವೆ. ಆದರೆ ಲಾರಿ ತುಂಬಿ ಗಡಿ ದಾಟುವುದರಲ್ಲಿ ತೋತಾಪುರಿಯದೇ ಮೇಲುಗೈ. ತಿನ್ನುವವರಿಗಿಂತ ಕಾರ್ಖಾನೆಗಳಿಗೆ ಅದು ಹೆಚ್ಚು ಬೇಕು. ಬೆಲೆ ಕಡಿಮೆ, ತಿರುಳು ಹೆಚ್ಚು. ಆಂಧ್ರದ ಚಿತ್ತೂರು ಕಡೆಯ ಕಾರ್ಖಾನೆಗಳಲ್ಲಿ ಹಣ್ಣನ್ನು ತೊಳೆದು, ಸಿಪ್ಪೆ ಮತ್ತು ಓಟೆ ಬೇರ್ಪಡಿಸಿ, ತಿರುಳನ್ನು ಸೋಸಿ ಕಾಯಿಸುತ್ತಾರೆ. ಸೂಕ್ಷ್ಮಜೀವಿಗಳು ಸತ್ತ ಮೇಲೆ ಗಾಳಿಯಾಡದ ಚೀಲಗಳಲ್ಲಿ ತುಂಬಿ ಡ್ರಮ್ಮಿಗಿಳಿಸುತ್ತಾರೆ. ಕೆಲವೇ ದಿನಗಳಲ್ಲಿ ಕೊಳೆಯಬೇಕಿದ್ದ ಹಣ್ಣು ಹೀಗೆ ತಿಂಗಳುಗಟ್ಟಲೆ ಕೆಡದೆ ಉಳಿದು, ಹಡಗೇರಿ ಕೊಲ್ಲಿ ರಾಷ್ಟ್ರಗಳಿಗೂ ಯೂರೋಪಿಗೂ ಹೋಗುತ್ತದೆ.

ಮುಚ್ಚಿದ ಗಡಿ

ಬೆಳೆ ಇಲ್ಲಿ, ಕಾರ್ಖಾನೆ ಅಲ್ಲಿ. ಇದರ ಕಷ್ಟ 2025ರ ಜೂನ್‌ನಲ್ಲಿ ಅರಿವಿಗೆ ಬಂತು. ಫಸಲು ಹೆಚ್ಚಿ ಬೆಲೆ ಕುಸಿದಾಗ, ಚಿತ್ತೂರು ಜಿಲ್ಲಾಡಳಿತ ತನ್ನ ರೈತರ ಹಿತಕ್ಕಾಗಿ ಹೊರರಾಜ್ಯದ ತೋತಾಪುರಿಯನ್ನು ತಡೆಯಿತು. ಶ್ರೀನಿವಾಸಪುರದಲ್ಲಿ ಬಂದ್ ನಡೆಯಿತು. ಕೊನೆಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 1,616 ರೂಪಾಯಿ ದರ ನಿಗದಿಪಡಿಸಿ, ರಾಜ್ಯದ 2.5 ಲಕ್ಷ ಟನ್ ಮಾವಿಗೆ ಬೆಲೆ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಒಂದು ವರ್ಷದ ಮಟ್ಟಿಗೆ ಇದು ಆಸರೆಯಾದೀತು. ಆದರೆ ಕೊಳ್ಳುವವನ ಬಾಗಿಲು ಮುಚ್ಚಿದರೆ ಕಚ್ಚಾ ಮಾಲಿನ ಗತಿಯೇನು ಎಂಬ ಪ್ರಶ್ನೆ ಉಳಿದೇ ಇದೆ.

ಮುಳಬಾಗಿಲು, ಕೋಲಾರದ ಟೊಮೆಟೊ ಕಥೆಯೂ ಇದೇ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋದ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಬೆಲೆ ಬಿದ್ದ ವರ್ಷಗಳಲ್ಲಿ ಅದೇ ಹಣ್ಣು ರಸ್ತೆ ಬದಿಗೆ ಬಿದ್ದದ್ದೂ ಉಂಟು. ನೂರು ಗ್ರಾಂ ಟೊಮೆಟೊದಲ್ಲಿ ಸುಮಾರು 94 ಗ್ರಾಂ ನೀರೇ. ಸಂಸ್ಕರಿಸದೆ ಅದನ್ನು ಬಹಳ ದಿನ ಕಾದಿಡುವುದು ಸಾಧ್ಯವಿಲ್ಲ.

ವಿಜ್ಞಾನ ತೆರೆದ ಬಾಗಿಲು

ಹಾಗಾದರೆ ಹಣ್ಣನ್ನು ಹಣ್ಣಾಗಿಯೇ ಹೊರದೇಶಕ್ಕೆ ಕಳಿಸಲಾಗದೆ? ಪ್ರಪಂಚದಲ್ಲಿ ಅತಿ ಹೆಚ್ಚು ಮಾವು ಬೆಳೆಯುವ ದೇಶ ಭಾರತ. ಆದರೂ ತಾಜಾ ಹಣ್ಣಾಗಿ ರಫ್ತಾಗುವುದು ನೂರರಲ್ಲಿ ಒಂದು ಪಾಲೂ ಇಲ್ಲ. ಹಣ್ಣಿನ ನೊಣ ಮತ್ತು ಓಟೆಕೊರಕ ಹುಳು ಇದಕ್ಕೊಂದು ಕಾರಣ. ನೊಣ ಕಂಡುಬಂದಿತೆಂದು ಯೂರೋಪ್ ಒಕ್ಕೂಟ 2014ರ ಮೇ ತಿಂಗಳಿಂದ ಭಾರತದ ಮಾವನ್ನು ನಿಷೇಧಿಸಿ, 2015ರಲ್ಲಷ್ಟೇ ಬಾಗಿಲು ತೆರೆಯಿತು. ಅಮೆರಿಕ 2007ರಿಂದ ವಿಕಿರಣಕ್ಕೊಡ್ಡಿದ ಹಣ್ಣನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತಿದೆ. ಕನಿಷ್ಠ 400 ಗ್ರೇ ಪ್ರಮಾಣದ ಗಾಮಾ ಕಿರಣ ತಾಗಿದರೆ ಕೀಟದ ಸಂತಾನ ಬೆಳೆಯದು. ಕಿರಣ ಹಾದುಹೋಗುತ್ತದೆಯೇ ಹೊರತು ಹಣ್ಣಿನಲ್ಲಿ ಉಳಿಯದು, ಆದ್ದರಿಂದ ತಿನ್ನುವವರಿಗೆ ಭಯವಿಲ್ಲ. ಇಂಥದೊಂದು ಕೇಂದ್ರ ಮಾಲೂರಿನಲ್ಲೇ ಇದೆ.

ಇನ್ನೊಂದು ಸರಕು

ಅದೇ ಜಿಲ್ಲೆಯ ನರಸಾಪುರದಲ್ಲಿ ಬೇರೆಯದೇ ದೃಶ್ಯ. 2013ರಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ ಅಲ್ಲಿ ಆರಂಭವಾಯಿತು. 2020ರಲ್ಲಿ ತೈವಾನಿನ ವಿಸ್ಟ್ರಾನ್ ಸಂಸ್ಥೆ ಐಫೋನ್ ಜೋಡಿಸತೊಡಗಿತು. 2023ರಲ್ಲಿ ಅದು ಟಾಟಾ ಸಮೂಹದ ಪಾಲಾಯಿತು. ಪಾಠದ ಮಾತು ಇಲ್ಲಿ ತಲೆಕೆಳಗಾಯಿತೆ? ಪೂರ್ತಿ ಹಾಗಲ್ಲ. ಜೋಡಣೆ ನಮ್ಮದಾದರೂ ಒಳಗಿನ ಚಿಪ್, ಅದರ ವಿನ್ಯಾಸ ಹೊರಗಿನವು. ಹೆಚ್ಚಿನ ಲಾಭ ಸೇರುವುದು ವಿನ್ಯಾಸ ಮಾಡಿದವರಿಗೆ.

ಮಾವಿಗೂ ಫೋನಿಗೂ ಲೆಕ್ಕ ಒಂದೇ. ವಸ್ತುವಿಗೆ ಎಷ್ಟು ಜ್ಞಾನ ಸೇರುತ್ತದೆಯೋ ಅಷ್ಟು ಬೆಲೆ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಭೂಮಿಯೊಳಗಿನ ಸಂಪತ್ತು ಒಂದು ದಿನ ಲಾಭ ಕೊಡುವುದನ್ನು ನಿಲ್ಲಿಸುತ್ತದೆ. ಮಾವಿನ ಮರವಾದರೋ ಮತ್ತೆ ಮತ್ತೆ ಫಲ ಬಿಡುತ್ತದೆ. ಆಹಾರ ತಂತ್ರಜ್ಞಾನ, ತೋಟಗಾರಿಕೆ, ಶೈತ್ಯಾಗಾರ ನಿರ್ವಹಣೆ ಇವು ಎಂಜಿನಿಯರಿಂಗ್, ವೈದ್ಯಕೀಯಕ್ಕಿಂತ ಕಡಿಮೆ ಓದಲ್ಲ. ಮಗ ಅಥವಾ ಮಗಳು ಅವನ್ನು ಆರಿಸಿಕೊಂಡರೆ ತಂದೆತಾಯಂದಿರು ಹುಬ್ಬು ಗಂಟಿಕ್ಕದಿರಲಿ. ಶ್ರೀನಿವಾಸಪುರದ ಹಣ್ಣು ಶ್ರೀನಿವಾಸಪುರದಲ್ಲೇ ತಿರುಳಾಗಿ ಡ್ರಮ್ಮಿಗೆ ಸೇರಬೇಕಾದರೆ ಅದನ್ನು ಮಾಡಿಸಬಲ್ಲವರು ಇಂದು ಅದೇ ಊರಿನ ಶಾಲೆಗಳಲ್ಲಿ ಕುಳಿತಿದ್ದಾರೆ.