ಗಲ್ಲಾದ ಕೆಲಸ ಗಿರಾಕಿಯ ಹೆಗಲಿಗೆ

ಅಮೆರಿಕದ ಟೆನ್ನೆಸೀ ರಾಜ್ಯದ ಮೆಂಫಿಸ್ ಪಟ್ಟಣದಲ್ಲಿ 1916ರ ಸೆಪ್ಟೆಂಬರ್‌ನಲ್ಲಿ ಕಟ್ಟೆಯೇ ಇಲ್ಲದ ಒಂದು ದಿನಸಿ ಅಂಗಡಿ ಬಾಗಿಲು ತೆರೆಯಿತು. ಅಲ್ಲಿಯವರೆಗೆ ಅಮೆರಿಕದಲ್ಲೂ ದಿನಸಿ ಕೊಳ್ಳುವ ಕ್ರಮ ನಮ್ಮ ಶೆಟ್ಟರ ಅಂಗಡಿಯದ್ದೇ. ಗಿರಾಕಿ ಕಟ್ಟೆಯ ಈಚೆ ನಿಂತು ಚೀಟಿ ಓದುವುದು, ಆಚೆ ಬದಿಯ ಹುಡುಗ ಡಬ್ಬ ಇಳಿಸಿ, ತೂಗಿ, ಪೊಟ್ಟಣ ಕಟ್ಟಿ ಕೊಡುವುದು. ಕ್ಲಾರೆನ್ಸ್ ಸಾಂಡರ್ಸ್ ಎಂಬ ವ್ಯಾಪಾರಿ ತನ್ನ ‘ಪಿಗ್ಲಿ ವಿಗ್ಲಿ’ಯಲ್ಲಿ ಆ ಹುಡುಗನನ್ನು ಕೈಬಿಟ್ಟ. ತಿರುಗುಗೇಟು ದಾಟಿ ಬಂದ ಗಿರಾಕಿ ಬುಟ್ಟಿ ಹಿಡಿದು ಕಪಾಟುಗಳ ನಡುವಿನ ಏಕಮುಖ ದಾರಿಯಲ್ಲಿ ಸಾಗಬೇಕು. ಬೇಕಾದದ್ದನ್ನು ತಾನೇ ಎತ್ತಿಕೊಳ್ಳಬೇಕು. ಬೆಲೆ ಕಣ್ಣೆದುರೇ ಬರೆದಿರುತ್ತಿತ್ತು, ಗಲ್ಲಾ ದಾರಿಯ ತುದಿಯಲ್ಲಿತ್ತು. ಈ ವಿನ್ಯಾಸಕ್ಕೆ 1917ರಲ್ಲಿ ಪೇಟೆಂಟ್ ಕೂಡ ಸಿಕ್ಕಿತು.

ಕೆಲಸದವನು ಮಾಡುತ್ತಿದ್ದುದನ್ನು ಗಿರಾಕಿಯಿಂದಲೇ ಮಾಡಿಸಿ, ಉಳಿದ ಸಂಬಳದ ದುಡ್ಡಿನಲ್ಲಿ ಬೆಲೆ ಇಳಿಸುವುದು ಸಾಂಡರ್ಸನ ಲೆಕ್ಕ. ಜನ ಗೊಣಗಲಿಲ್ಲ, ಮುಗಿಬಿದ್ದರು. ಡಬ್ಬವನ್ನು ತಿರುಗಿಸಿ ನೋಡಿ ವಾಪಸ್ ಇಡಬಹುದು, ಅಂಗಡಿಯವನ ಹುಬ್ಬು ಗಂಟಾಗುತ್ತದೆಂಬ ಅಂಜಿಕೆಯಿಲ್ಲದೆ ಅಗ್ಗದ್ದನ್ನೇ ಆರಿಸಬಹುದು. ದುಡಿಮೆ ಹೆಚ್ಚಾದರೂ ಅದರ ಜೊತೆಗೆ ಆಯ್ಕೆಯ ಸುಖ ಸಿಕ್ಕಿತ್ತು.

ಸಾಂಡರ್ಸ್ ಅಷ್ಟಕ್ಕೇ ನಿಲ್ಲುವ ಆಸಾಮಿಯಲ್ಲ. ಷೇರು ಪೇಟೆಯ ಜಿದ್ದಾಜಿದ್ದಿಯಲ್ಲಿ 1923ರಲ್ಲಿ ಕಂಪನಿಯನ್ನೇ ಕಳೆದುಕೊಂಡ. 1937ರಲ್ಲಿ ‘ಕೀಡೂಝಲ್’ ಎಂಬ ಯಂತ್ರದಂಗಡಿ ತೆರೆದ. ಗಾಜಿನ ಹಿಂದೆ ಮಾದರಿ ಸಾಮಾನು, ಗಿರಾಕಿಯ ಕೈಯಲ್ಲೊಂದು ಕೀಲಿ. ಕೀಲಿ ತೂರಿಸಿ ಆರಿಸಿದ್ದೆಲ್ಲ ಹಿಂದಿನ ಉಗ್ರಾಣದಿಂದ ಬೆಲ್ಟಿನ ಮೇಲೆ ಉರುಳಿ ಬರಬೇಕು. ಜನ ಹೆಚ್ಚಾದ ಹೊತ್ತಿನಲ್ಲಿ ಯಂತ್ರ ಕೈಕೊಡುತ್ತಿತ್ತು, ಅಂಗಡಿ ನಿಲ್ಲಲಿಲ್ಲ. ಅವನ ಕೊನೆಯ ಯೋಜನೆ ‘ಫುಡ್‌ಎಲೆಕ್ಟ್ರಿಕ್’. ಅದರಲ್ಲಿ ಲೆಕ್ಕ ಹಾಕುವ ಕೆಲಸವೂ ಗಿರಾಕಿಯದ್ದೇ. ಆ ಅಂಗಡಿ ತೆರೆಯುವ ಮೊದಲೇ, 1953ರಲ್ಲಿ, ಅವನು ತೀರಿಕೊಂಡ.

ಆ ಯೋಜನೆಗೆ ಬೇಕಿದ್ದದ್ದು ವಸ್ತುವನ್ನು ತಾನಾಗಿ ಗುರುತಿಸುವ ಸಾಧನ. 1974ರ ಜೂನ್ 26ರಂದು ಓಹಾಯೋದ ಟ್ರಾಯ್ ಪಟ್ಟಣದ ಮಾರ್ಷ್ ಸೂಪರ್‌ಮಾರ್ಕೆಟ್‌ನಲ್ಲಿ ಮೊದಲ ಸಲ ಇಂದಿನ ಮಾದರಿಯ ಬಾರ್‌ಕೋಡ್ ಓದಿಸಿ ವ್ಯಾಪಾರ ನಡೆಯಿತು. ಬಿಕರಿಯಾದದ್ದು 67 ಸೆಂಟ್‌ನ ಚ್ಯೂಯಿಂಗ್ ಗಮ್. ಸ್ಕ್ಯಾನರ್ ಬಂದ ಮೇಲೆ ಕ್ಯಾಷಿಯರ್‌ಗೆ ಬೆಲೆ ಬಾಯಿಪಾಠ ಇರಬೇಕಾದ ಜರೂರು ತಪ್ಪಿತು. ಅಂದರೆ ಅವರ ಜಾಗದಲ್ಲಿ ಯಾರು ಬೇಕಾದರೂ ನಿಲ್ಲಬಹುದಾಯಿತು. 1986ರಲ್ಲಿ ಡೇವಿಡ್ ಹಂಬಲ್ ಎಂಬಾತ ರೂಪಿಸಿದ ‘ಚೆಕ್‌ರೋಬೋಟ್’ ಎಂಬ ಯಂತ್ರ ಅಟ್ಲಾಂಟಾ ಬಳಿಯ ಕ್ರೋಗರ್ ಮಳಿಗೆಗೆ ಬಂತು, ಗಿರಾಕಿಯೇ ಆ ಜಾಗದಲ್ಲಿ ನಿಂತ. ತಮಾಷೆಯೆಂದರೆ, ಸ್ಕ್ಯಾನ್ ಮಾಡಿದ ಮೇಲೆ ದುಡ್ಡು ಕಟ್ಟಲು ಮತ್ತೊಬ್ಬ ಕ್ಯಾಷಿಯರ್ ಬಳಿಗೇ ಹೋಗಬೇಕಿತ್ತು.

ಗಿರಾಕಿಯೇ ಬಿಲ್ ಹಾಕಿಕೊಳ್ಳುವ ಈಗಿನ ಯಂತ್ರಗಳ ಸಿಡುಕಿಗೆ ಕಾರಣ ಚೀಲ ಇಡುವ ತಟ್ಟೆಯ ಕೆಳಗೆ ಅಡಗಿರುವ ತಕ್ಕಡಿ. ಸ್ಕ್ಯಾನ್ ಆದ ವಸ್ತು ಎಷ್ಟು ತೂಗಬೇಕೆಂಬುದು ಗಣಕಕ್ಕೆ ಗೊತ್ತು. ತಟ್ಟೆಯ ಮೇಲೆ ಬಿದ್ದ ತೂಕ ಅದಕ್ಕೆ ಹೊಂದದಿದ್ದರೆ ಕೆಂಪು ದೀಪ ಹತ್ತುತ್ತದೆ. ಮನೆಯಿಂದ ತಂದ ದಪ್ಪ ಬಟ್ಟೆ ಚೀಲ ಇಟ್ಟರೂ ಅದಕ್ಕೆ ಅನುಮಾನ. ಬಾರ್‌ಕೋಡ್ ಇಲ್ಲದ ಬಾಳೆಹಣ್ಣಿಗೆ ಪರದೆಯಲ್ಲಿ ಚಿತ್ರ ಹುಡುಕುತ್ತ ನಿಲ್ಲಬೇಕು. ಬೆಣ್ಣೆಹಣ್ಣು ತೂಗಿ ಈರುಳ್ಳಿಯ ಚಿತ್ರ ಒತ್ತುವ ಚಾಲಾಕಿಗಳೂ ಇದ್ದಾರೆ. ಹೀಗಾಗಿ ಯಂತ್ರಗಳನ್ನು ಕಾಯಲು ಒಬ್ಬರು ಬೇಕೇ ಬೇಕು. ಅವರು ಒಂದು ಯಂತ್ರದಿಂದ ಇನ್ನೊಂದಕ್ಕೆ ಓಡಾಡುತ್ತ, ಕಾರ್ಡು ತೋರಿಸಿ ಕೆಂಪು ದೀಪ ಆರಿಸುವುದರಲ್ಲೇ ಪಾಳಿ ಮುಗಿಸುತ್ತಾರೆ.

ಯಂತ್ರವೇ ವಾಸಿ ಎನ್ನುವವರೂ ಕಡಿಮೆಯಿಲ್ಲ. ಎರಡೇ ಸಾಮಾನು ಹಿಡಿದವರಿಗೆ, ಕೊಂಡದ್ದೇನೆಂದು ಇನ್ನೊಬ್ಬರಿಗೆ ತೋರಿಸಲು ಮುಜುಗರ ಪಡುವವರಿಗೆ, ಭಾಷೆ ಬಾರದ ಊರಿಗೆ ಹೊಸದಾಗಿ ಹೋದವರಿಗೆ ಅದು ನೆಮ್ಮದಿ. ಆದರೆ ತುಂಬಿದ ಗಾಡಿ ತಳ್ಳಿಕೊಂಡು ಬಂದವರಿಗೆ ಅಲ್ಲಿ ಆರಿಸಲು ಏನೂ ಉಳಿದಿರುವುದಿಲ್ಲ, ಇರುವುದು ಚಾಕರಿ ಮಾತ್ರ. ಸಾಂಡರ್ಸನ ಮೊದಲ ಅಂಗಡಿ ಜಗತ್ತನ್ನೇ ಗೆದ್ದರೂ ಈ ಯಂತ್ರ ಇನ್ನೂ ಜಗಳ ಹುಟ್ಟಿಸುತ್ತಿರುವುದು ಇದಕ್ಕೇ ಎಂದು ನನ್ನ ಎಣಿಕೆ. ಉತ್ತರ ಇಂಗ್ಲೆಂಡಿನ ಬೂತ್ಸ್ ಸಂಸ್ಥೆ 2023ರಲ್ಲಿ ತನ್ನ 28 ಮಳಿಗೆಗಳಲ್ಲಿ ಎರಡನ್ನು ಬಿಟ್ಟು ಉಳಿದೆಡೆ ಇವನ್ನು ತೆಗೆಸುವುದಾಗಿ ಪ್ರಕಟಿಸಿತು. ನೆದರ್‌ಲೆಂಡ್ಸ್‌ನ ಯಂಬೋ ಸೂಪರ್‌ಮಾರ್ಕೆಟ್ 2019ರಲ್ಲಿ ಅವಸರವಿಲ್ಲದವರಿಗೆಂದೇ ಹರಟೆಯ ಗಲ್ಲಾ ತೆರೆಯಿತು. ಒಂಟಿ ಹಿರಿಯರು ನಾಲ್ಕು ಮಾತಾಡಲೆಂದೇ ಅಲ್ಲಿ ಸರದಿ ನಿಲ್ಲಬಹುದು.

ನಮ್ಮ ಕಡೆ ಕೂಲಿ ಅಗ್ಗ, ಯಂತ್ರ ದುಬಾರಿ. ಬೆಂಗಳೂರಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಬಿಲ್ ಹಾಕಲು ಒಬ್ಬರು, ಬಾಗಿಲಲ್ಲಿ ಆ ಬಿಲ್ಲಿಗೆ ಗೀಟು ಹಾಕಲು ಮತ್ತೊಬ್ಬರು. ಹಾಗೆಂದು ನಾವು ಬಚಾವಾಗಿಲ್ಲ. ಕ್ಯಾಷಿಯರನ ಅರ್ಧ ಕೆಲಸವನ್ನು ಯುಪಿಐ ಸದ್ದಿಲ್ಲದೆ ನಮಗೆ ದಾಟಿಸಿದೆ. ಕ್ಯೂಆರ್ ಹಿಡಿಯುವುದು, ಮೊತ್ತ ಒತ್ತುವುದು, ಪಿನ್ ಹಾಕುವುದು ಎಲ್ಲ ನಮ್ಮದೇ ಪಾಡು. ನೋಟು ಎಣಿಸಿ ಚಿಲ್ಲರೆ ಹುಡುಕುತ್ತಿದ್ದ ಅಂಗಡಿಯವನು, ದುಡ್ಡು ಬಂತೆಂದು ಗಲ್ಲಾದ ಮೇಲಿನ ಡಬ್ಬಿ ಕೂಗಿ ಹೇಳುವವರೆಗೆ, ಮುಂದಿನ ಗಿರಾಕಿಗೆ ಸಕ್ಕರೆ ತೂಗುತ್ತಿರುತ್ತಾನೆ. ಇದಕ್ಕೆ ಮಾತ್ರ ಯಾರೂ ಗೊಣಗಿದ್ದು ಕೇಳಿಲ್ಲ. ಚಿಲ್ಲರೆಯ ಬದಲು ಕೈಗೆ ತುರುಕುತ್ತಿದ್ದ ಚಾಕೊಲೇಟಿನ ಕಾಟವಾದರೂ ತಪ್ಪಿತಲ್ಲ.