ಸ್ಥಳೀಯ ಪಕ್ಷಗಳ ಚುನಾವಣಾ ಸಿದ್ಧತೆ (ಭಾರತ)

ಚುನಾವಣೆಗೆ ಮುನ್ನ ಸೀಮಿತ ವ್ಯಾಪ್ತಿಯ ರಾಜಕೀಯ ಪಕ್ಷವೊಂದು ಸ್ವಯಂಸೇವಕರನ್ನು ಒಗ್ಗೂಡಿಸುವುದು, ಅವರಿಗೆ ಕೆಲಸ ಹಂಚುವುದು ಮತ್ತು ಪ್ರಚಾರದ ವೆಚ್ಚಕ್ಕಾಗಿ ಸಾರ್ವಜನಿಕರಿಂದ ದೇಣಿಗೆ ಕೂಡಿಸುವುದು ಆ ಪಕ್ಷದ ಚುನಾವಣಾ ಸಿದ್ಧತೆಯ ಮುಖ್ಯ ಭಾಗಗಳಾಗಿವೆ. ಭಾರತದಲ್ಲಿ ಈ ಕಾರ್ಯಗಳು 1951ರ ಜನತಾ ಪ್ರಾತಿನಿಧ್ಯ ಕಾಯ್ದೆ, 1961ರ ಚುನಾವಣಾ ನಡವಳಿ ನಿಯಮಗಳು, ಆದಾಯ ತೆರಿಗೆ ಕಾನೂನು ಹಾಗೂ ಭಾರತ ಚುನಾವಣಾ ಆಯೋಗದ ಸೂಚನೆಗಳಿಗೆ ಒಳಪಟ್ಟಿವೆ. ದೊಡ್ಡ ಪಕ್ಷಗಳು ಹಣದಿಂದ ಪಡೆಯುವ ಸೇವೆಗಳನ್ನು ಸಣ್ಣ ಪಕ್ಷಗಳು ಜನರ ಸಮಯದಿಂದ ಪಡೆಯಬೇಕಾಗುತ್ತದೆ. ಆದುದರಿಂದ ಸ್ವಯಂಸೇವಕರ ಸಂಖ್ಯೆ ಮತ್ತು ಸಣ್ಣ ಮೊತ್ತದ ದೇಣಿಗೆಗಳೇ ಅವುಗಳ ಅಳಿವು ಉಳಿವನ್ನು ನಿರ್ಧರಿಸುತ್ತವೆ.

ಕಾನೂನಿನ ದೃಷ್ಟಿಯಲ್ಲಿ ಸಣ್ಣ ಪಕ್ಷ

ಕಾನೂನಿನಲ್ಲಿ "ಸ್ಥಳೀಯ ಪಕ್ಷ" ಎಂಬ ಪ್ರತ್ಯೇಕ ವರ್ಗವಿಲ್ಲ. ಪಕ್ಷಗಳನ್ನು ರಾಷ್ಟ್ರೀಯ ಪಕ್ಷ, ರಾಜ್ಯ ಪಕ್ಷ ಮತ್ತು ನೋಂದಾಯಿತ ಆದರೆ ಮಾನ್ಯತೆ ಇಲ್ಲದ ಪಕ್ಷ ಎಂದು ಮೂರಾಗಿ ವಿಂಗಡಿಸಲಾಗಿದೆ. ಒಂದು ಜಿಲ್ಲೆಯಲ್ಲೋ ಕೆಲವು ತಾಲ್ಲೂಕುಗಳಲ್ಲೋ ಮಾತ್ರ ಬಲವುಳ್ಳ ಪಕ್ಷಗಳು ಸಾಮಾನ್ಯವಾಗಿ ಮೂರನೆಯ ಗುಂಪಿಗೆ ಸೇರುತ್ತವೆ. ಜನತಾ ಪ್ರಾತಿನಿಧ್ಯ ಕಾಯ್ದೆಯ 29ಎ ಕಲಮಿನ ಅಡಿಯಲ್ಲಿ ಆಯೋಗದಲ್ಲಿ ನೋಂದಣಿಯಾಗಲು ಪಕ್ಷಕ್ಕೆ ಕನಿಷ್ಠ 100 ಮಂದಿ ನೋಂದಾಯಿತ ಮತದಾರರ ಸದಸ್ಯತ್ವವಿರಬೇಕು. ರಾಜ್ಯ ಪಕ್ಷವೆಂಬ ಮಾನ್ಯತೆಗೆ ಹಲವು ದಾರಿಗಳಿವೆ. ವಿಧಾನಸಭಾ ಚುನಾವಣೆಯಲ್ಲಿ ಶೇ. 6ರಷ್ಟು ಮತಗಳನ್ನೂ ಜೊತೆಗೆ 2 ಸ್ಥಾನಗಳನ್ನೂ ಗಳಿಸುವುದು ಅವುಗಳಲ್ಲಿ ಒಂದು.

ಮಾನ್ಯತೆ ಎಂಬುದು ಕೇವಲ ಗೌರವದ ಮಾತಲ್ಲ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ನಾಮಪತ್ರದಲ್ಲಿ ಒಬ್ಬ ಸೂಚಕನ ಸಹಿ ಸಾಕು. ಮಾನ್ಯತೆ ಇಲ್ಲದ ಪಕ್ಷದವರಿಗೂ ಪಕ್ಷೇತರರಿಗೂ ಅದೇ ಕ್ಷೇತ್ರದ 10 ಮಂದಿ ಮತದಾರರ ಸಹಿ ಬೇಕು. ಮತದಾರರ ಪಟ್ಟಿಯ ಪ್ರತಿ ಮಾನ್ಯತೆ ಪಡೆದ ಪಕ್ಷಗಳ ಅಭ್ಯರ್ಥಿಗಳಿಗೆ ಉಚಿತವಾಗಿ ದೊರೆಯುತ್ತದೆ. ಉಳಿದವರು ಶುಲ್ಕ ತೆರಬೇಕು. ಪಕ್ಷದ ಪರವಾಗಿ ಪ್ರವಾಸ ಮಾಡುವ "ತಾರಾ ಪ್ರಚಾರಕರು" ಮಾನ್ಯತೆ ಪಡೆದ ಪಕ್ಷಕ್ಕೆ 40 ಮಂದಿ, ಉಳಿದವಕ್ಕೆ 20 ಮಂದಿ. ಮಾನ್ಯತೆ ಪಡೆದ ಪಕ್ಷದ ಚಿಹ್ನೆ ಅದಕ್ಕೇ ಮೀಸಲಾಗಿರುತ್ತದೆ. ಇತರ ಪಕ್ಷಗಳು ತಮ್ಮೆಲ್ಲ ಅಭ್ಯರ್ಥಿಗಳಿಗೆ ಒಂದೇ ಚಿಹ್ನೆ ಬೇಕೆಂದರೆ ಸದನದ ಅವಧಿ ಮುಗಿಯುವ ಮೊದಲಿನ ಆರು ತಿಂಗಳೊಳಗೆ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕು, ಮತ್ತು ವಿಧಾನಸಭೆಯ ಕನಿಷ್ಠ ಶೇ. 5ರಷ್ಟು ಸ್ಥಾನಗಳಲ್ಲಿ ಸ್ಪರ್ಧಿಸಬೇಕು. ಒಂದೆರಡು ಕ್ಷೇತ್ರಗಳಲ್ಲಿ ಮಾತ್ರ ನಿಲ್ಲುವ ಪಕ್ಷಕ್ಕೆ ಈ ಸೌಲಭ್ಯ ಎಟುಕುವುದಿಲ್ಲ. ಚಿಹ್ನೆ ಕೊನೆಯ ಕ್ಷಣದಲ್ಲಿ ಹಂಚಿಕೆಯಾದಾಗ ಅದನ್ನು ಎರಡು ವಾರಗಳ ಆಸುಪಾಸಿನಲ್ಲಿ ಮನೆಮನೆಗೆ ಮುಟ್ಟಿಸುವ ಹೊಣೆ ಸ್ವಯಂಸೇವಕರ ಮೇಲೆಯೇ ಬೀಳುತ್ತದೆ.

ಗ್ರಾಮ ಪಂಚಾಯಿತಿ ಚುನಾವಣೆಗಳು ಕರ್ನಾಟಕದಲ್ಲಿ ಪಕ್ಷರಹಿತವಾಗಿ ನಡೆಯುವುದರಿಂದ ಪಕ್ಷದ ಚಿಹ್ನೆಗೆ ಅಲ್ಲಿ ಅವಕಾಶವಿಲ್ಲ. ಆದರೂ ಸಣ್ಣ ಪಕ್ಷಗಳ ಕಾರ್ಯಕರ್ತರು ಕೆಲಸ ಕಲಿಯುವುದು ಬಹುಮಟ್ಟಿಗೆ ಆ ಕಣದಲ್ಲಿಯೇ.

ಸ್ವಯಂಸೇವಕರ ಕೆಲಸ

ಸಂಘಟನೆಯ ಘಟಕ ಮತಗಟ್ಟೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕರ್ನಾಟಕದ 224 ಕ್ಷೇತ್ರಗಳಲ್ಲಿ 58 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳಿದ್ದವು. ಅಂದರೆ ಕ್ಷೇತ್ರವೊಂದಕ್ಕೆ ಸರಾಸರಿ 260. ಮತಗಟ್ಟೆಗೆ ಇಬ್ಬರಂತೆ ಲೆಕ್ಕ ಹಾಕಿದರೂ ಒಂದು ಕ್ಷೇತ್ರಕ್ಕೆ ಐನೂರಕ್ಕೂ ಹೆಚ್ಚು ಜನ ಬೇಕು. ವೇದಿಕೆಯ ಮೇಲೆ ಕಾಣುವ ಉತ್ಸಾಹಕ್ಕೂ ಈ ಸಂಖ್ಯೆಗೂ ನಡುವಿನ ಅಂತರವೇ ಅನೇಕ ಹೊಸ ಪಕ್ಷಗಳ ಸೋಲಿಗೆ ಕಾರಣವಾಗಿದೆ.

ಸಿದ್ಧತೆ ಮತದಾರರ ಪಟ್ಟಿಯಿಂದ ಆರಂಭವಾಗುತ್ತದೆ. ಹೊಸ ಹೆಸರು ಸೇರಿಸಲು ನಮೂನೆ 6, ಪಟ್ಟಿಯಲ್ಲಿರುವ ಹೆಸರಿಗೆ ಆಕ್ಷೇಪಿಸಲು ಅಥವಾ ತೆಗೆಸಲು ನಮೂನೆ 7, ತಿದ್ದುಪಡಿ ಹಾಗೂ ವಿಳಾಸ ಬದಲಾವಣೆಗೆ ನಮೂನೆ 8 ಇವೆ. 2022ರಿಂದ ಜನವರಿ 1 ಮಾತ್ರವಲ್ಲದೆ ಏಪ್ರಿಲ್ 1, ಜುಲೈ 1 ಮತ್ತು ಅಕ್ಟೋಬರ್ 1 ಕೂಡ 18 ವರ್ಷ ತುಂಬಿರುವುದನ್ನು ಲೆಕ್ಕಿಸುವ ಅರ್ಹತಾ ದಿನಗಳಾಗಿವೆ. ಊರು ಬಿಟ್ಟು ದುಡಿಯಲು ಹೋದವರು, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು, ತೀರಿಕೊಂಡವರು – ಇವರ ವಿವರ ಆ ಬೀದಿಯವರಿಗೆ ತಿಳಿದಿರುವಷ್ಟು ಹೊರಗಿನಿಂದ ಬಂದ ಪ್ರಚಾರ ಸಂಸ್ಥೆಗೆ ತಿಳಿದಿರುವುದಿಲ್ಲ. ಹೀಗಾಗಿ ಈ ಹಂತದಲ್ಲಿ ಸ್ಥಳೀಯ ಸ್ವಯಂಸೇವಕನಿಗೆ ಇರುವ ಬೆಲೆ ಬೇರೆ ಯಾವ ಹಂತದಲ್ಲಿಯೂ ಇಲ್ಲ.

ಮನೆಮನೆ ಭೇಟಿ, ಕರಪತ್ರ ಹಂಚಿಕೆ ಮತ್ತು ಸಣ್ಣ ಸಭೆಗಳು ನಂತರದ ಕೆಲಸ. ಪ್ರತಿ ಕರಪತ್ರದ ಮೇಲೂ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಇದನ್ನು ಉಲ್ಲಂಘಿಸಿದರೆ ಕಾಯ್ದೆಯ 127ಎ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ, 2,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಉತ್ಸಾಹದ ಭರದಲ್ಲಿ ಬೆಂಬಲಿಗರೇ ತಮ್ಮ ಖರ್ಚಿನಲ್ಲಿ ಭಿತ್ತಿಪತ್ರ ಮುದ್ರಿಸುವುದು ಸಣ್ಣ ಪಕ್ಷಗಳಲ್ಲಿ ಸಾಮಾನ್ಯ. ಅಭ್ಯರ್ಥಿಯ ಲಿಖಿತ ಅನುಮತಿ ಇಲ್ಲದೆ ಅವರ ಪರವಾಗಿ ಹೀಗೆ ವೆಚ್ಚ ಮಾಡುವುದು ಅಪರಾಧವೆಂಬುದು ಅಂಥವರಲ್ಲಿ ಹಲವರಿಗೆ ತಿಳಿದಿರುವುದಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಮತದಾನ ಮುಗಿಯುವ ಸಮಯಕ್ಕೆ 48 ಗಂಟೆ ಮೊದಲೇ ಬಹಿರಂಗ ಪ್ರಚಾರ ನಿಲ್ಲಬೇಕು, ಮತ್ತು ಕ್ಷೇತ್ರದ ಮತದಾರರಲ್ಲದ ಕಾರ್ಯಕರ್ತರು ಕ್ಷೇತ್ರವನ್ನು ಬಿಡಬೇಕು.

ಮತದಾನದ ದಿನದ ಕೆಲಸ ಹೆಚ್ಚು ಶಿಸ್ತನ್ನು ಬೇಡುತ್ತದೆ. ಅಭ್ಯರ್ಥಿಯು ಪ್ರತಿ ಮತಗಟ್ಟೆಗೆ ಒಬ್ಬ ಮತಗಟ್ಟೆ ಏಜೆಂಟನನ್ನೂ ಸರದಿಯ ಮೇಲೆ ಕೂರಲು ಇಬ್ಬರನ್ನೂ ನೇಮಿಸಬಹುದು. ಏಜೆಂಟನು ನಸುಕಿನಲ್ಲಿಯೇ ಹಾಜರಾಗಿ ಕನಿಷ್ಠ 50 ಮತಗಳ ಅಣಕು ಮತದಾನವನ್ನು ನೋಡಬೇಕು. ಬಳಿಕ ಆ ಮತಗಳು ಯಂತ್ರದಿಂದ ಅಳಿಸಲ್ಪಟ್ಟವೇ ಎಂದು ಖಚಿತಪಡಿಸಿಕೊಳ್ಳಬೇಕು. ಮತದಾನ ಮುಗಿದ ಮೇಲೆ ಚಲಾವಣೆಯಾದ ಮತಗಳ ಲೆಕ್ಕವಿರುವ ನಮೂನೆ 17ಸಿ ಇದರ ದೃಢೀಕೃತ ಪ್ರತಿಯನ್ನು ಮತಗಟ್ಟೆ ಅಧ್ಯಕ್ಷಾಧಿಕಾರಿ ಏಜೆಂಟನಿಗೆ ಕೊಡುತ್ತಾರೆ. ಎಣಿಕೆಯ ದಿನ ಯಂತ್ರ ತೋರಿಸುವ ಮೊತ್ತವನ್ನು ಹೋಲಿಸಿ ನೋಡಲು ಅಭ್ಯರ್ಥಿಯ ಕೈಯಲ್ಲಿರುವ ದಾಖಲೆ ಇದೊಂದೇ. ಏಜೆಂಟನಿಲ್ಲದ ಮತಗಟ್ಟೆಯ 17ಸಿ ಪ್ರತಿ ಪಕ್ಷದ ಕೈ ಸೇರುವುದಿಲ್ಲ. 260 ಮತಗಟ್ಟೆಗಳಲ್ಲಿ ನೂರಕ್ಕೆ ಮಾತ್ರ ಜನರನ್ನು ಕೂರಿಸಲು ಸಾಧ್ಯವಾದ ಪಕ್ಷ ಉಳಿದ ನೂರರುವತ್ತರ ಬಗ್ಗೆ ಪ್ರಶ್ನೆ ಎತ್ತುವ ಆಧಾರವನ್ನೇ ಕಳೆದುಕೊಂಡಿರುತ್ತದೆ.

ಮತಗಟ್ಟೆಯಿಂದ 100 ಮೀಟರ್ ಒಳಗೆ ಮತಯಾಚನೆ ನಿಷಿದ್ಧ. ಪಕ್ಷದ ಮೇಜು 2025ರವರೆಗೆ 200 ಮೀಟರ್ ಆಚೆ ಇರಬೇಕಾಗಿತ್ತು; ಒಂದು ಮೇಜು ಎರಡು ಕುರ್ಚಿಗೆ ಮಾತ್ರ ಅವಕಾಶ. ಮತದಾರರಿಗೆ ಕೊಡುವ ಗುರುತಿನ ಚೀಟಿ ಬಿಳಿ ಹಾಳೆಯದಾಗಿರಬೇಕು, ಅದರಲ್ಲಿ ಅಭ್ಯರ್ಥಿಯ ಹೆಸರಾಗಲಿ ಚಿಹ್ನೆಯಾಗಲಿ ಇರಕೂಡದು. ಬಾಡಿಗೆ ವಾಹನದಲ್ಲಿ ಮತದಾರರನ್ನು ಕರೆತರುವುದು ಭ್ರಷ್ಟ ಆಚರಣೆ ಎನಿಸಿಕೊಳ್ಳುತ್ತದೆ.

ದೇಣಿಗೆ

ಕಾಯ್ದೆಯ 29ಬಿ ಕಲಮು ಪಕ್ಷಗಳಿಗೆ ವ್ಯಕ್ತಿಗಳಿಂದ ಮತ್ತು ಸರ್ಕಾರಿ ಒಡೆತನದ್ದಲ್ಲದ ಕಂಪನಿಗಳಿಂದ ಸ್ವಇಚ್ಛೆಯ ದೇಣಿಗೆ ಪಡೆಯಲು ಅವಕಾಶ ಕೊಡುತ್ತದೆ. ವಿದೇಶಿ ಮೂಲದ ಹಣ ನಿಷಿದ್ಧ. ಹೊರದೇಶದಲ್ಲಿ ನೆಲೆಸಿದ ಕನ್ನಡಿಗರ ವಿಷಯದಲ್ಲಿ ಈ ಅಂಶ ಆಗಾಗ ಗೊಂದಲ ಹುಟ್ಟಿಸುತ್ತದೆ: ಭಾರತದ ಪೌರತ್ವ ಉಳಿಸಿಕೊಂಡವರು ದೇಣಿಗೆ ಕೊಡಬಹುದು, ಬೇರೆ ದೇಶದ ಪೌರತ್ವ ಪಡೆದವರು, ಸಾಗರೋತ್ತರ ಭಾರತೀಯ ಪೌರರ ಕಾರ್ಡ್ ಹೊಂದಿದ್ದರೂ, ಕೊಡುವಂತಿಲ್ಲ.

ಒಂದು ಹಣಕಾಸು ವರ್ಷದಲ್ಲಿ 20,000 ರೂಪಾಯಿ ಮೀರಿದ ದೇಣಿಗೆಗಳ ವಿವರವನ್ನು ಪಕ್ಷವು 29ಸಿ ಕಲಮಿನಂತೆ ಆಯೋಗಕ್ಕೆ ಸಲ್ಲಿಸಬೇಕು. ಸಲ್ಲಿಸದಿದ್ದರೆ ತೆರಿಗೆ ವಿನಾಯಿತಿ ತಪ್ಪುತ್ತದೆ. 2017ರ ಹಣಕಾಸು ಕಾಯ್ದೆಯ ಬಳಿಕ ಈ ವಿನಾಯಿತಿ ಬೇಕೆಂದರೆ 2,000 ರೂಪಾಯಿಗಿಂತ ಹೆಚ್ಚಿನ ದೇಣಿಗೆಯನ್ನು ನಗದಾಗಿ ಪಡೆಯುವಂತಿಲ್ಲ. ದೇಣಿಗೆದಾರನಿಗೆ ತೆರಿಗೆ ಕಡಿತ ದೊರೆಯುವುದು ನಗದಲ್ಲದ ಪಾವತಿಗೆ ಮಾತ್ರ. ರಸೀದಿ ಪುಸ್ತಕ ಹಿಡಿದು ಸಂತೆಯಲ್ಲಿ ನಿಲ್ಲುವ ಕಾರ್ಯಕರ್ತ ನೂರು ಇನ್ನೂರು ರೂಪಾಯಿಗಳನ್ನು ನಗದಾಗಿ ಪಡೆಯಲು ಯಾವ ಅಡ್ಡಿಯೂ ಇಲ್ಲ. ಮೊಬೈಲ್ ಪಾವತಿ ವ್ಯಾಪಕವಾದ ಮೇಲೆ ಸಣ್ಣ ಮೊತ್ತವೂ ಬ್ಯಾಂಕಿನ ದಾಖಲೆಯಲ್ಲಿ ಉಳಿಯುವಂತಾಗಿದೆ.

2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ ಯೋಜನೆಯು ದೇಣಿಗೆದಾರರ ಹೆಸರನ್ನು ಸಾರ್ವಜನಿಕರಿಂದ ಮರೆಮಾಚಿತ್ತು. ಹಿಂದಿನ ಲೋಕಸಭೆ ಅಥವಾ ವಿಧಾನಸಭಾ ಚುನಾವಣೆಯಲ್ಲಿ ಕನಿಷ್ಠ ಶೇ. 1ರಷ್ಟು ಮತ ಪಡೆದ ನೋಂದಾಯಿತ ಪಕ್ಷಗಳು ಮಾತ್ರ ಬಾಂಡ್ ಪಡೆಯಬಹುದಾಗಿತ್ತು. ಹೊಸದಾಗಿ ಕಣಕ್ಕಿಳಿಯುವ ಪಕ್ಷಕ್ಕೆ ಆ ಬಾಗಿಲು ಮೊದಲೇ ಮುಚ್ಚಿತ್ತು ಎಂಬುದು ಯೋಜನೆಯ ಕುರಿತ ಚರ್ಚೆಯಲ್ಲಿ ಹೆಚ್ಚು ಗಮನ ಸೆಳೆಯಲಿಲ್ಲ. 2024ರ ಫೆಬ್ರವರಿ 15ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಮತದಾರರ ಮಾಹಿತಿ ಹಕ್ಕಿಗೆ ವಿರುದ್ಧವೆಂದು ಯೋಜನೆಯನ್ನು ರದ್ದುಗೊಳಿಸಿತು.

ಸಣ್ಣ ಪಕ್ಷಗಳೆಲ್ಲ ಪ್ರಾಮಾಣಿಕವೆಂದು ಭಾವಿಸಬೇಕಾಗಿಲ್ಲ. ಚುನಾವಣೆಯಲ್ಲಿ ಸ್ಪರ್ಧಿಸದೆ ತೆರಿಗೆ ವಿನಾಯಿತಿಗಾಗಿಯೇ ಹೆಸರು ಉಳಿಸಿಕೊಂಡ ಪಕ್ಷಗಳ ಬಗ್ಗೆ ದೂರುಗಳು ಹಳೆಯವು. 2019ರಿಂದ ಆರು ವರ್ಷಗಳ ಕಾಲ ಯಾವ ಚುನಾವಣೆಯಲ್ಲಿಯೂ ಸ್ಪರ್ಧಿಸದ 334 ಪಕ್ಷಗಳನ್ನು ಆಯೋಗವು 2025ರ ಆಗಸ್ಟ್‌ನಲ್ಲಿ ಪಟ್ಟಿಯಿಂದ ತೆಗೆದುಹಾಕಿತು. ಮರುತಿಂಗಳು ಮತ್ತೆ 474 ಪಕ್ಷಗಳ ಹೆಸರು ಹೋಯಿತು.

ವೆಚ್ಚದ ಮಿತಿ ಮತ್ತು ಲೆಕ್ಕ

2022ರ ಪರಿಷ್ಕರಣೆಯಂತೆ ದೊಡ್ಡ ರಾಜ್ಯಗಳಲ್ಲಿ ಅಭ್ಯರ್ಥಿಯ ವೆಚ್ಚದ ಮಿತಿ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿ. ಕರ್ನಾಟಕದ ಸರಾಸರಿ ವಿಧಾನಸಭಾ ಕ್ಷೇತ್ರಕ್ಕೆ ಹೋಲಿಸಿದರೆ ಇದು ಮತಗಟ್ಟೆಯೊಂದಕ್ಕೆ ಸುಮಾರು 15,000 ರೂಪಾಯಿ, ಮತದಾರನೊಬ್ಬನಿಗೆ ಸುಮಾರು 17 ರೂಪಾಯಿ. ಸಂಬಳವಿಲ್ಲದೆ ದುಡಿಯುವವನ ಸಮಯಕ್ಕೆ ಈ ಲೆಕ್ಕದಲ್ಲಿ ಬೆಲೆ ಕಟ್ಟುವುದಿಲ್ಲ. ಆದರೆ ಅವನಿಗೆ ಕೊಡಿಸಿದ ಚಹಾ, ಊಟ, ಪ್ರಚಾರ ವಾಹನ, ಶಾಮಿಯಾನ, ಕುರ್ಚಿ ಎಲ್ಲವೂ ಜಿಲ್ಲಾ ಚುನಾವಣಾಧಿಕಾರಿ ನಿಗದಿಪಡಿಸಿದ ದರದಲ್ಲಿ ಅಭ್ಯರ್ಥಿಯ ವೆಚ್ಚಕ್ಕೆ ಸೇರುತ್ತವೆ.

ಮಿತಿ ಇರುವುದು ಅಭ್ಯರ್ಥಿಗೆ, ಪಕ್ಷಕ್ಕೆ ಇಲ್ಲ. ಕನ್ವರ್‌ಲಾಲ್ ಗುಪ್ತ ಪ್ರಕರಣದಲ್ಲಿ 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಭ್ಯರ್ಥಿಗಾಗಿ ಪಕ್ಷ ಮಾಡಿದ ವೆಚ್ಚವನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕೆಂದು ತೀರ್ಪಿತ್ತಿತು. ಅದೇ ವರ್ಷ ಕಾನೂನನ್ನು ತಿದ್ದಿ ಅಂತಹ ವೆಚ್ಚವನ್ನು ಹೊರಗಿಡಲಾಯಿತು. 2003ರ ತಿದ್ದುಪಡಿಯು ಈ ವಿನಾಯಿತಿಯನ್ನು ಕಿರಿದುಗೊಳಿಸಿದರೂ ನಾಯಕರ ಪ್ರವಾಸ ಮತ್ತು ಪಕ್ಷದ ಸಾಮಾನ್ಯ ಪ್ರಚಾರದ ವೆಚ್ಚ ಇಂದಿಗೂ ಮಿತಿಯ ಹೊರಗೇ ಇದೆ. ಇದರ ಲಾಭ ಬೊಕ್ಕಸ ತುಂಬಿದ ಪಕ್ಷಗಳಿಗೆ ದೊರೆಯುತ್ತದೆ.

ನಾಮಪತ್ರ ಸಲ್ಲಿಸುವುದಕ್ಕೆ ಕನಿಷ್ಠ ಒಂದು ದಿನ ಮೊದಲು ಅಭ್ಯರ್ಥಿಯು ಚುನಾವಣಾ ವೆಚ್ಚಕ್ಕೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬರಿಗೆ ಅಥವಾ ಒಂದು ಸಂಸ್ಥೆಗೆ 10,000 ರೂಪಾಯಿ ಮೀರಿದ ಪಾವತಿ ಬ್ಯಾಂಕಿನ ಮೂಲಕವೇ ಆಗಬೇಕು. ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ ಲೆಕ್ಕ ಸಲ್ಲಿಸಬೇಕು. ಸಕಾರಣವಿಲ್ಲದೆ ತಪ್ಪಿದರೆ 10ಎ ಕಲಮಿನಂತೆ ಮೂರು ವರ್ಷಗಳ ಅನರ್ಹತೆ. ಸೋತ ಅಭ್ಯರ್ಥಿಗೂ ಈ ನಿಯಮ ಅನ್ವಯಿಸುತ್ತದೆ. ಸೋಲಿನ ಮರುದಿನ ಕಚೇರಿ ಖಾಲಿಯಾಗುವ ಸಣ್ಣ ಪಕ್ಷಗಳಲ್ಲಿ ರಸೀದಿಗಳನ್ನು ಜೋಡಿಸಿ ಕೂರುವ ಒಬ್ಬ ಲೆಕ್ಕಿಗ ಸ್ವಯಂಸೇವಕನಿಲ್ಲದೆ ಮುಂದಿನ ಚುನಾವಣೆಯ ಅವಕಾಶವೇ ಕೈತಪ್ಪಬಹುದು. ವಿಧಾನಸಭೆಗೆ 10,000 ರೂಪಾಯಿ ಠೇವಣಿ (ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧ) ಚಲಾವಣೆಯಾದ ಸಿಂಧು ಮತಗಳ ಆರನೆಯ ಒಂದು ಭಾಗಕ್ಕಿಂತ ಹೆಚ್ಚು ಪಡೆದವರಿಗೆ ಮಾತ್ರ ಹಿಂದಿರುಗುತ್ತದೆ.

ನಿದರ್ಶನಗಳು

ಕರ್ನಾಟಕದಲ್ಲಿ ಈ ಬಗೆಯ ಸಂಘಟನೆಗೆ ಮೊದಲ ಚುನಾವಣೆಯಷ್ಟು ಹಳೆಯ ಚರಿತ್ರೆಯಿದೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಪರ ನಿಂತ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಸಮಾಜವಾದಿ ಪಕ್ಷದಿಂದ ಸಾಗರ–ಹೊಸನಗರ ಕ್ಷೇತ್ರದಲ್ಲಿ ಸ್ಪರ್ಧಿಸಿ ಗೆದ್ದರು. ಮತದಾರನಿಂದ ಮತದ ಜೊತೆಗೆ ಒಂದು ರೂಪಾಯಿಯನ್ನೂ ಕೇಳುವ "ಒಂದು ಓಟು, ಒಂದು ನೋಟು" ಎಂಬ ಘೋಷಣೆ ಅವರ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಅಭ್ಯರ್ಥಿ ಮತದಾರನಿಗೆ ಹಣ ಕೊಡುವ ಪರಿಪಾಠಕ್ಕೆ ಇದು ನೇರ ವಿರುದ್ಧವಾದ ಕ್ರಮ; ಹಣ ಕೊಟ್ಟವನು ತನ್ನ ರೂಪಾಯಿಯ ಲೆಕ್ಕ ಕೇಳುವ ಹಕ್ಕನ್ನೂ ಉಳಿಸಿಕೊಳ್ಳುತ್ತಾನೆ.

1980ರ ನರಗುಂದ–ನವಲಗುಂದ ರೈತ ಬಂಡಾಯದ ಹಿನ್ನೆಲೆಯಲ್ಲಿ ಬೆಳೆದ ಕರ್ನಾಟಕ ರಾಜ್ಯ ರೈತ ಸಂಘ ಹಸಿರು ಶಾಲಿನ ಹಳ್ಳಿ ಘಟಕಗಳನ್ನು ಕಟ್ಟಿ, ಅವುಗಳನ್ನೇ ಚುನಾವಣಾ ಪಡೆಯಾಗಿ ಬಳಸಿತು. 1989ರಲ್ಲಿ ಬಾಬಾಗೌಡ ಪಾಟೀಲ, 1994ರಲ್ಲಿ ಪಾಂಡವಪುರದಿಂದ ಕೆ. ಎಸ್. ಪುಟ್ಟಣ್ಣಯ್ಯ ವಿಧಾನಸಭೆಗೆ ಆಯ್ಕೆಯಾದರು. ಆದರೆ ಚಳವಳಿಗೆ ಲಕ್ಷಾಂತರ ಜನ ಸೇರಿದ ಪ್ರಮಾಣದಲ್ಲಿ ಮತಗಳು ಎಂದೂ ಬರಲಿಲ್ಲ. ಪುಟ್ಟಣ್ಣಯ್ಯನವರು 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ಮೇಲುಕೋಟೆಯಲ್ಲಿ ಗೆದ್ದರು. 2023ರಲ್ಲಿ ಅವರ ಪುತ್ರ ದರ್ಶನ್ ಪುಟ್ಟಣ್ಣಯ್ಯ ಅದೇ ಪಕ್ಷದಿಂದ ಅದೇ ಕ್ಷೇತ್ರದಲ್ಲಿ ಆಯ್ಕೆಯಾದಾಗ ಕಾಂಗ್ರೆಸ್ ತನ್ನ ಅಭ್ಯರ್ಥಿಯನ್ನು ನಿಲ್ಲಿಸದೆ ಬೆಂಬಲ ನೀಡಿತ್ತು. ಸ್ವಂತ ಸಂಘಟನೆ ಒಂದು ಕ್ಷೇತ್ರದಲ್ಲಿ ಆಳವಾಗಿದ್ದರೂ ಗೆಲುವಿಗೆ ಹೊಂದಾಣಿಕೆ ಬೇಕಾಗುತ್ತದೆಂಬುದಕ್ಕೆ ಇದನ್ನು ಉದಾಹರಿಸಲಾಗುತ್ತದೆ.

ಕರ್ನಾಟಕದ ಹೊರಗೆ ಹೆಚ್ಚು ಚರ್ಚೆಗೊಳಗಾದ ನಿದರ್ಶನ ದೆಹಲಿಯದು. 2012ರ ನವೆಂಬರ್‌ನಲ್ಲಿ ಸ್ಥಾಪನೆಯಾದ ಆಮ್ ಆದ್ಮಿ ಪಕ್ಷವು ದೇಣಿಗೆದಾರರ ಹೆಸರುಗಳನ್ನು ಜಾಲತಾಣದಲ್ಲಿ ಪ್ರಕಟಿಸುತ್ತ, 2013ರ ವಿಧಾನಸಭಾ ಚುನಾವಣೆಗೆ 20 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡು, ಅದು ತಲುಪಿದೊಡನೆ ದೇಣಿಗೆ ಸಾಕೆಂದು ಪ್ರಕಟಿಸಿತು. 70 ಸ್ಥಾನಗಳಲ್ಲಿ 28ನ್ನು ಗೆದ್ದಿತು. ಅಧಿಕಾರಕ್ಕೆ ಬಂದ ಕೆಲವು ವರ್ಷಗಳ ಬಳಿಕ ಪಕ್ಷವು ಆ ಪಟ್ಟಿಯನ್ನು ಜಾಲತಾಣದಿಂದ ತೆಗೆದದ್ದು, ಹಿಂದೆ ಅದಕ್ಕಾಗಿ ದುಡಿದಿದ್ದ ಕಾರ್ಯಕರ್ತರಿಂದಲೇ ಟೀಕೆಗೆ ಗುರಿಯಾಯಿತು.