ಸೈಕಲ್ಲಿಗೆ ಹೊಸ ಫೋರ್ಕ್ ಹಾಕಿಸುವ ಮುನ್ನ

"ಅಮ್ಮಾ, ಸೈಕಲ್ಲು ನನ್ನ ಮಾತೇ ಕೇಳ್ತಾ ಇಲ್ಲ" ಎಂದು ಮಗಳು ಬಂದು ಹೇಳಿದಾಗ ನಾನು ದೋಸೆ ಹುಯ್ಯುತ್ತಿದ್ದೆ. "ಹೊಸ ಫೋರ್ಕ್ ಅಲ್ವೇನೇ, ನಾಲ್ಕು ದಿನ ಹೊಡೆದರೆ ಸರಿಹೋಗುತ್ತೆ, ಹೊರಡು" ಎಂದುಬಿಟ್ಟೆ. ನೀವಾಗಿದ್ದರೂ ಹಾಗೇ ಅನ್ನುತ್ತಿದ್ದಿರಿ, ಅಲ್ಲವೇ?

ಫೋರ್ಕ್ ಅಂದರೆ ಹ್ಯಾಂಡಲ್ಲಿನ ಕೆಳಗೆ ಎರಡು ಕಾಲು ಚಾಚಿ ಮುಂದಿನ ಚಕ್ರವನ್ನು ಹಿಡಿದುಕೊಂಡಿರುತ್ತದಲ್ಲ, ಅದು. ಹಿಂದಿನ ವಾರ ಸೈಕಲ್ಲು ಚರಂಡಿಗೆ ಇಳಿದು ಅದು ಬಗ್ಗಿಹೋಗಿತ್ತು. ಅಂಗಡಿಯಾತ ತನ್ನಲ್ಲಿ ಇದ್ದ ಒಂದನ್ನು ಹಾಕಿಕೊಟ್ಟಿದ್ದ. ನೋಡಲು ಥಳಥಳ ಹೊಳೆಯುತ್ತಿತ್ತು, ನಾನೂ ಸುಮ್ಮನಾದೆ. ಎರಡನೇ ದಿನ ಮಗಳು ಸೈಕಲ್ಲು ತಳ್ಳಿಕೊಂಡು ಮನೆಗೆ ಬಂದಳು, ಮೊಣಕೈ ತರಚಿತ್ತು. ಸ್ಕೂಲಿನ ಗೇಟಿನ ಹತ್ತಿರ ನಿಧಾನವಾಗಿ ತಿರುಗಿಸುವಾಗ ಹ್ಯಾಂಡಲ್ ತಾನಾಗಿಯೇ ಪಕ್ಕಕ್ಕೆ ಎಳೆದುಕೊಂಡು ಬೀಳಿಸಿತಂತೆ.

ಹೀಗೇಕಾಯಿತು? ಗ್ಯಾಸ್ ಸಿಲಿಂಡರ್ ಇಡುವ ಚಕ್ರದ ಸ್ಟ್ಯಾಂಡ್ ಮನೆಯಲ್ಲಿದ್ದರೆ ಒಮ್ಮೆ ಎಳೆದು ನೋಡಿ. ಪುಟ್ಟ ಚಕ್ರಗಳು ಗಿರ್ರನೆ ತಿರುಗಿ, ಆಮೇಲೆ ನೀವು ಎಳೆದ ಕಡೆಗೇ ಹಿಂದೆ ಹಿಂದೆ ಬರುತ್ತವೆ. ಚಕ್ರ ನೆಲ ಮುಟ್ಟುವ ಜಾಗ, ಅದು ತಿರುಗುವ ಮೊಳೆಗಿಂತ ತುಸು ಹಿಂದಿರುವುದೇ ಕಾರಣ. ಸೈಕಲ್ಲಿನದೂ ಇದೇ ಉಪಾಯ. ಹ್ಯಾಂಡಲ್ ತಿರುಗುವ ಕೊಳವೆ ನೆಟ್ಟಗಿರುವುದಿಲ್ಲ, ಹಿಂದಕ್ಕೆ ಒರಗಿರುತ್ತದೆ. ಅದರ ನೇರಕ್ಕೆ ಒಂದು ಕೋಲು ಹಿಡಿದರೆ, ಕೋಲಿನ ತುದಿ ಟೈರು ನೆಲ ಮುಟ್ಟುವ ಜಾಗಕ್ಕಿಂತ ಸುಮಾರು 5-6 ಸೆಂಟಿಮೀಟರು ಮುಂದೆ ನೆಲಕ್ಕೆ ತಾಗುತ್ತದೆ. ಈ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಅದು ಹೆಚ್ಚಿದರೆ ಸೈಕಲ್ಲು ನೇರ ರಸ್ತೆಯಲ್ಲಿ ಅಲುಗದೆ ಹೋಗುತ್ತದೆ, ಸಂದಿಗೊಂದಿಯಲ್ಲಿ ತಿರುಗಿಸಲು ಭಾರ. ಕಡಿಮೆಯಾದರೆ ಹ್ಯಾಂಡಲ್ ಹಗುರ, ಇಳಿಜಾರಿನಲ್ಲಿ ಮಾತ್ರ ಬಲು ಚಂಚಲ.

ಫೋರ್ಕಿನ ಕಾಲುಗಳು ತುದಿಯಲ್ಲಿ ಮುಂದಕ್ಕೆ ಬಾಗಿರುವುದು ಅಂದಕ್ಕಲ್ಲ. ಬಾಗು ಹೆಚ್ಚಿದಷ್ಟೂ ಟ್ರೇಲ್ ಕಡಿಮೆ. (ನನಗೂ ಮೊದಲು ಇದು ತಲೆಕೆಳಗಾಗಿಯೇ ಕಂಡಿತು!) ಬ್ರಿಟನ್ನಿನ ಡೇವಿಡ್ ಜೋನ್ಸ್ ಎಂಬ ವಿಜ್ಞಾನಿ ಯಾರೂ ಓಡಿಸಲಾಗದಂಥ ಸೈಕಲ್ಲು ಮಾಡುತ್ತೇನೆಂದು ಹೊರಟು, ಅದರ ಕಥೆಯನ್ನು 1970ರಲ್ಲಿ ಬರೆದರು. ಫೋರ್ಕನ್ನು ಹಿಂದುಮುಂದು ಮಾಡಿದಾಗ ಟ್ರೇಲ್ ಹೆಚ್ಚಿ, ಸವಾರನಿಲ್ಲದೆ ತಳ್ಳಿಬಿಟ್ಟರೂ ಸೈಕಲ್ಲು ಬೀಳದೆ ಓಡಿತಂತೆ. ಚಕ್ರವನ್ನು 4 ಅಂಗುಲ ಮುಂದಕ್ಕೆ ಚಾಚಿ ಕಟ್ಟಿದಾಗ ಮಾತ್ರ ಓಡಿಸುವುದು ಕಷ್ಟವಾಯಿತು. ಟ್ರೇಲ್ ಇಲ್ಲದೆಯೂ ಬೀಳದೆ ಓಡುವ ಸೈಕಲ್ಲನ್ನು ನೆದರ್‌ಲ್ಯಾಂಡ್ಸ್ ಮತ್ತು ಅಮೆರಿಕದ ವಿಜ್ಞಾನಿಗಳು 2011ರಲ್ಲಿ ಮಾಡಿ ತೋರಿಸಿದರು. ಆದರೆ ಅದನ್ನು ಹತ್ತಿ ಯಾರೂ ಸ್ಕೂಲಿಗೆ ಹೋಗುವಂತಿಲ್ಲ, ಬಿಡಿ. ಜೋನ್ಸರ ಸೈಕಲ್ಲು ಓಡಿತೆಂದು ನಿಮ್ಮ ಮನೆಯದರಲ್ಲಿ ಬಾಗು ಪೆಡಲಿನ ಕಡೆಗಿದ್ದರೆ ಸುಮ್ಮನಿರಬೇಡಿ. ತಿರುಗಿಸುವಾಗ ಚಕ್ರ ಕಾಲ್ಬೆರಳಿಗೆ ತಾಗುತ್ತದೆ.

ನಮ್ಮ ಸೈಕಲ್ಲಿನ ರೋಗ ಬೇರೆ. ಅದಕ್ಕಿರುವುದು 24 ಇಂಚಿನ ಚಕ್ರ, ಅಂಗಡಿಯಾತ ಹಾಕಿದ್ದು 26 ಇಂಚಿನದರ ಫೋರ್ಕ್. ಸುಮಾರು ಒಂದಿಂಚು ಉದ್ದ! ಒಂದಿಂಚಿಗೆ ಏನಾದೀತು ಅನ್ನಬೇಡಿ. ಎರಡು ಸೆಂಟಿಮೀಟರು ಉದ್ದವಾದರೇ ಮುಂಭಾಗ ಮೇಲೆದ್ದು ಆ ಕೊಳವೆ ಸುಮಾರು ಒಂದು ಡಿಗ್ರಿ ಹಿಂದಕ್ಕೆ ಒರಗುತ್ತದೆ. ಒರಗಿದಷ್ಟೂ ಟ್ರೇಲ್ ಹೆಚ್ಚುತ್ತದೆ, ನಿಧಾನವಾಗಿ ತಿರುಗುವಾಗ ಚಕ್ರ ಪಕ್ಕಕ್ಕೆ ವಾಲುವುದೂ ಹೆಚ್ಚುತ್ತದೆ. ಸೀಟೂ ಹಿಂದಕ್ಕೆ ವಾಲಿತ್ತು. ಇವೆಲ್ಲಕ್ಕಿಂತ ನನ್ನ ಎದೆ ಝಲ್ಲೆನ್ನಿಸಿದ್ದು ಬ್ರೇಕು. ಬ್ರೇಕಿನ ರಬ್ಬರು ರಿಮ್ಮನ್ನು ಹಿಡಿಯಬೇಕು, ನಮ್ಮದರಲ್ಲಿ ಅರ್ಧ ರಬ್ಬರು ಟೈರಿಗೇ ಉಜ್ಜುತ್ತಿತ್ತು. ಇನ್ನಷ್ಟು ದಿನ ಬಿಟ್ಟಿದ್ದರೆ ಟೈರು ಸವೆದು, ನಡುರಸ್ತೆಯಲ್ಲಿ ಟ್ಯೂಬು ಢಂ ಎನ್ನುತ್ತಿತ್ತು.

ಗಂಡುಮಕ್ಕಳಿದ್ದರೆ ಶಾಕ್‌ಅಬ್ಸಾರ್ಬರ್ ಇರುವ ಫೋರ್ಕ್ ಬೇಕೆಂದು ಹಟ ಹಿಡಿದಾರು. ಸಾದಾ ಸೈಕಲ್ಲಿಗೆ ಅದನ್ನು ಹಾಕಿಸಿದರೂ ಇದೇ ಗತಿ, ಜೊತೆಗೆ ಮುಂದೆ ಭಾರ. ಅಂಥದ್ದು ಕೆಟ್ಟಿತೆಂದು ಗಿಡ್ಡನೆಯ ಸಾದಾ ಫೋರ್ಕ್ ಹಾಕಿಸಿದರೆ ತದ್ವಿರುದ್ಧ. ಮುಂಭಾಗ ತಗ್ಗಿ ಹ್ಯಾಂಡಲ್ ಅತಿ ಚುರುಕಾಗುತ್ತದೆ, ಪೆಡಲು ರಸ್ತೆಯ ಉಬ್ಬಿಗೆ ತಾಗಲೂಬಹುದು.

ಆದ್ದರಿಂದ ಹಳೆಯ ಫೋರ್ಕನ್ನು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಹೊಸದರ ಪಕ್ಕಕ್ಕಿಟ್ಟು, ಚಕ್ರದ ಅಚ್ಚು ಕೂರುವ ಕಚ್ಚಿನಿಂದ ಕಾಲುಗಳು ಕೂಡುವ ತಲೆಯವರೆಗೆ ಟೇಪು ಹಿಡಿಯಿರಿ, ಬ್ಲೌಸಿಗೆ ಅಳತೆ ತೆಗೆಯುವ ಟೇಪೇ ಸಾಕು. ಬಗ್ಗಿದ್ದಕ್ಕೆ ಅಳತೆ ಸಿಗದಿದ್ದರೆ ಅದೇ ಮಾದರಿಯ ಇನ್ನೊಂದು ಸೈಕಲ್ಲನ್ನು ಅಳೆಯಿರಿ. ಬಾಗೂ ಒಂದೇ ಇರಲಿ. ತುಸು ಬಗ್ಗಿದ ಕಬ್ಬಿಣದ ಫೋರ್ಕನ್ನು ತಿಳಿದವರು ನೆಟ್ಟಗೆ ಮಾಡಿಯಾರು, ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಕೂದಲೆಳೆಯಷ್ಟು ಬಿರುಕು ಕಂಡರೆ ಅದು ಬೇಡವೇ ಬೇಡ. ದುಡ್ಡು ಕೊಡುವ ಮುಂಚೆ ಬ್ರೇಕ್ ಹಿಡಿದು ರಬ್ಬರು ಎಲ್ಲಿ ಕೂರುತ್ತದೆಂದು ನೋಡಿ. ಆಮೇಲೆ ಮಕ್ಕಳೇ ಹತ್ತಿ, ಅಂಗಡಿ ಮುಂದೆ ಎಂಟರ ಆಕಾರದಲ್ಲಿ ಮೆಲ್ಲಗೆ ಎರಡು ಸುತ್ತು ಹೊಡೆಯಲಿ.

ನಮ್ಮ ಅಂಗಡಿಯಾತ ಮೊದಲು "ಹೆಂಗಸರಿಗೆ ಇದೆಲ್ಲ ಯಾಕಮ್ಮಾ" ಎಂದು ನಕ್ಕ. ಟೇಪು ಹೊರಗೆ ತೆಗೆದ ಮೇಲೆ ಸುಮ್ಮನಾಗಿ, ಮಾರನೇ ದಿನ 24ರದ್ದೇ ತರಿಸಿ ಹಾಕಿಕೊಟ್ಟ. ಮಜೂರಿಯನ್ನು ಮಾತ್ರ ಎರಡನೇ ಸಲವೂ ಬಿಡಲಿಲ್ಲ.